ಬಯಲ ಗಾಳಿಯ ಲೆಕ್ಕ

ರಾಜಘಟ್ಟದ ಹೊಲದ ಬದುವಿನಲ್ಲಿ ನಿಂತು ಒಂದು ಲೀಟರಿನ ಖಾಲಿ ಬಾಟಲಿಯಲ್ಲಿ ಗಾಳಿ ಹಿಡಿದು ಮುಚ್ಚಳ ಬಿಗಿದರೆ, ಅದರೊಳಗೆ ರೇಡಾನ್ ಎಂಬ ವಿಕಿರಣಶೀಲ ಅನಿಲ ಎಷ್ಟು ಸಿಕ್ಕಿಬೀಳುತ್ತದೆ? ಗಾಳಿ ಲೋಕದ ಸರಾಸರಿಯಂತೆಯೇ ಇದ್ದರೆ ಸುಮಾರು ಐದು ಸಾವಿರ ಪರಮಾಣುಗಳು. ಕೇಳಲು ದೊಡ್ಡದೆನಿಸಿದರೂ ಲೀಟರ್ ಗಾಳಿಯಲ್ಲಿರುವ ಒಟ್ಟು ಅಣುಗಳ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆ ಸಂಖ್ಯೆಯನ್ನು ಬರೆಯಲು ಎರಡರ ಮುಂದೆ ಇಪ್ಪತ್ತೆರಡು ಸೊನ್ನೆ ಹಾಕಬೇಕು. ಐದು ಸಾವಿರದಲ್ಲಿ ನೂರು ಸೆಕೆಂಡಿಗೊಂದು ಪರಮಾಣು ಒಡೆದು ಆಲ್ಫಾ ಕಣವನ್ನು ಹೊರಗೆಸೆಯುತ್ತದೆ. ಒಂದು ಗಂಟೆ ಕಿವಿಗೊಟ್ಟು ಕುಳಿತರೆ ಮೂವತ್ತಾರು ಸಿಡಿತ. ಅದೂ ಖಾತರಿಯಲ್ಲ. ಒಂದು ಗಂಟೆಯಲ್ಲಿ ಮೂವತ್ತು ಬರಬಹುದು, ಇನ್ನೊಂದರಲ್ಲಿ ನಲವತ್ತೆರಡು. ಗಾಳಿ ಬದಲಾಗದಿದ್ದರೂ ಎಣಿಕೆ ಬದಲಾಗುತ್ತದೆ, ಏಕೆಂದರೆ ಯಾವ ಪರಮಾಣು ಯಾವಾಗ ಒಡೆಯುತ್ತದೆಂಬುದಕ್ಕೆ ವೇಳಾಪಟ್ಟಿ ಇಲ್ಲ.

ಹೊರಾಂಗಣದ ರೇಡಾನ್ ಅಳೆಯುವವರ ತಾಪತ್ರಯವೆಲ್ಲ ಇಲ್ಲಿಂದ ಶುರು. ಮನೆಯೊಳಗಿನ ರೇಡಾನ್ ಬಗ್ಗೆ ಸಾವಿರಾರು ಅಧ್ಯಯನಗಳಿವೆ, ಬಯಲಿನದರ ಬಗ್ಗೆ ಕಡಿಮೆ. ಬಯಲಿನಲ್ಲಿ ಅಪಾಯ ಕಡಿಮೆ ಎಂಬುದು ಒಂದು ಕಾರಣ, ಅಳೆಯುವುದು ಕಷ್ಟ ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಅಳೆದವರು ಮಾತ್ರ ಹೇಳುತ್ತಾರೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ ಪುರಾತತ್ವದವರಿಗೆ ಚಿರಪರಿಚಿತ. ಈ ಶತಮಾನದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾಲಯದ ತಂಡ ಇಲ್ಲಿ ಅಗೆದಾಗ ಬೌದ್ಧ ಚೈತ್ಯ, ವಿಹಾರಗಳ ಅವಶೇಷಗಳೂ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳೂ ಸಿಕ್ಕವು. ಭೂವಿಜ್ಞಾನಿಯ ಕಣ್ಣಿಗೆ ಆ ಅಗೆತ ಏನೇನೂ ಆಳವಲ್ಲ. ಕೆಂಪು ಮಣ್ಣು, ಅದರಡಿ ಗರಸು, ಅದರಡಿ ಮುನ್ನೂರು ಕೋಟಿ ವರ್ಷ ಹಳೆಯ ನೈಸ್ ಕಲ್ಲು. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಎದುರಾಗುತ್ತದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರನ್ನೇ ಹೊತ್ತಿರುವ ಈ ಶಿಲೆ ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಕರಗಿದ ಬಂಡೆಯಾಗಿ ಮೇಲೆದ್ದದ್ದು. ಮಾಗಡಿ, ಶಿವಗಂಗೆ, ತುಮಕೂರಿನ ಮೇಲೆ ಹಾದು ಉತ್ತರಕ್ಕೆ ನೂರಾರು ಕಿಲೋಮೀಟರ್ ಚಾಚಿಕೊಂಡಿದೆ. ಗ್ರಾನೈಟ್ ಗಟ್ಟಿಯಾಗುವಾಗ ಯುರೇನಿಯಂ, ಥೋರಿಯಂನಂಥ ದೊಡ್ಡ ಪರಮಾಣುಗಳು ಸಾಮಾನ್ಯ ಖನಿಜಗಳ ಚೌಕಟ್ಟಿನಲ್ಲಿ ಹಿಡಿಸದೆ ಕೊನೆಯವರೆಗೂ ದ್ರವದಲ್ಲೇ ಉಳಿದು, ಕಡೆಗೆ ಜಿರ್ಕಾನ್, ಮೊನಜೈಟ್‌ನಂಥ ಸಣ್ಣ ಹರಳುಗಳಲ್ಲಿ ಸೇರಿಕೊಳ್ಳುತ್ತವೆ. ಹಾಗಾಗಿ ಕಲ್ಲುಗಳ ಪೈಕಿ ಗ್ರಾನೈಟಿನಲ್ಲಿ ಇವುಗಳ ಪಾಲು ಹೆಚ್ಚು.

ಯುರೇನಿಯಂ-238ರ ಅರ್ಧಾಯು 447 ಕೋಟಿ ವರ್ಷ. ಅದು ಮೆಲ್ಲನೆ ಒಡೆಯುತ್ತ ರೇಡಿಯಂ-226 ಆಗುತ್ತದೆ. ರೇಡಿಯಂನ ಅರ್ಧಾಯು 1,600 ವರ್ಷ. ರೇಡಿಯಂ ಒಡೆದಾಗ ಹುಟ್ಟುವುದೇ ರೇಡಾನ್-222. ಈ ಸರಪಳಿಯ ಉಳಿದೆಲ್ಲ ಧಾತುಗಳೂ ಘನರೂಪದವು, ಹುಟ್ಟಿದ ಕಲ್ಲಿನಲ್ಲೇ ಕುಳಿತಿರುತ್ತವೆ. ರೇಡಾನ್ ಒಂದೇ ಅನಿಲ. ಯಾವುದರೊಂದಿಗೂ ಬೆಸೆಯದ ಜಡ ಅನಿಲ. ಆದರೆ ಹೊರಬರಲು ಅದಕ್ಕೂ ಅದೃಷ್ಟ ಬೇಕು. ರೇಡಿಯಂ ಆಲ್ಫಾ ಕಣವನ್ನು ಎಸೆದ ಹೊಡೆತಕ್ಕೆ ರೇಡಾನ್ ಪರಮಾಣು ಹಿಂದಕ್ಕೆ ಚಿಮ್ಮುತ್ತದೆ, ಚಿಮ್ಮುವ ದೂರ ಮಾತ್ರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲೂ ಇಲ್ಲ. ಮರಳಿನ ಕಾಳಿನ ಅಂಚಿನಲ್ಲೇ ಹುಟ್ಟಿದ್ದರೆ ಸಂದಿಗೆ ಬೀಳುತ್ತದೆ, ನಡುವೆ ಹುಟ್ಟಿದ್ದರೆ ಅಲ್ಲೇ ಕೊನೆ. ಸಂದಿಯಲ್ಲಿ ತುಸು ನೀರಿದ್ದರೆ ಚಿಮ್ಮಿದ ಪರಮಾಣು ಎದುರಿನ ಕಾಳಿಗೆ ನಾಟಿಕೊಳ್ಳದೆ ನಿಲ್ಲುತ್ತದೆ, ಆದ್ದರಿಂದ ಹದವಾದ ತೇವ ರೇಡಾನ್ ಬಿಡುಗಡೆಗೆ ಅನುಕೂಲ. ಮಳೆಗಾಲದಲ್ಲಿ ಸಂದಿಗಳೆಲ್ಲ ನೀರಿನಿಂದ ತುಂಬಿದರೆ ಮೇಲಕ್ಕೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಯಲುಸೀಮೆಯ ಗಾಳಿಯಲ್ಲಿ ರೇಡಾನ್ ಕಡಿಮೆಯಿರಲು ಇದೊಂದು ಕಾರಣ. ಆ ತಿಂಗಳುಗಳ ಗಾಳಿ ಸಮುದ್ರದ ಮೇಲಿಂದ ಬರುವುದು ಮತ್ತೊಂದು. ಸಮುದ್ರ ನೆಲದಷ್ಟು ರೇಡಾನ್ ಉಸಿರುವುದಿಲ್ಲ, ನೂರರಲ್ಲೊಂದು ಪಾಲಿನ ಮಟ್ಟದ್ದು.

ರೇಡಾನಿನ ಅರ್ಧಾಯು 3.82 ದಿನ. ಒಣ ಮಣ್ಣಿನಲ್ಲಿ ಅಷ್ಟು ದಿನಗಳಲ್ಲಿ ಅದು ಸಾಗಬಲ್ಲದ್ದು ಹೆಚ್ಚೆಂದರೆ ಒಂದೆರಡು ಮೀಟರ್. ಅಂದರೆ ಹೊಲದ ಮೇಲಿನ ಗಾಳಿಗೆ ರೇಡಾನ್ ಪೂರೈಸುವುದು ಪಾತಾಳದ ಬಂಡೆಯಲ್ಲ, ನೇಗಿಲು ತಾಗುವ ಮಣ್ಣೂ ಅದರ ಕೆಳಗಿನ ಗರಸೂ.

ರೇಡಾನ್ ಗಾಳಿಗಿಂತ ಎಂಟು ಪಟ್ಟು ಭಾರ, ಅದಕ್ಕೇ ತಗ್ಗಿನಲ್ಲಿ ಇಳಿದು ಕೂರುತ್ತದೆ ಎಂಬ ಮಾತು ಶಾಲಾ ಪಠ್ಯಗಳಿಂದ ಹಿಡಿದು ಮಾಪಕ ಮಾರುವವರ ಕರಪತ್ರದವರೆಗೆ ಎಲ್ಲೆಲ್ಲೂ ಸಿಗುತ್ತದೆ. ಶುದ್ಧ ರೇಡಾನ್ ತುಂಬಿದ ಪಾತ್ರೆಯಿದ್ದರೆ ಮಾತು ನಿಜ. ಆದರೆ ಲೀಟರಿಗೆ ಐದು ಸಾವಿರ ಪರಮಾಣು ಇರುವಲ್ಲಿ ಭಾರಕ್ಕೆ ಕೆಲಸವೇ ಇಲ್ಲ. ಸುತ್ತಲಿನ ಅಣುಗಳ ತಳ್ಳಾಟದಲ್ಲಿ ಅದು ಎತ್ತ ಬೇಕಾದರೂ ಹೋಗುತ್ತದೆ. ಅದು ನೆಲದ ಹತ್ತಿರ ಹೆಚ್ಚಿರುವುದು ನೆಲದಿಂದ ಹುಟ್ಟುವುದರಿಂದ. ಎಷ್ಟು ಹೆಚ್ಚಿರುತ್ತದೆ ಎಂಬುದನ್ನು ನಿರ್ಧರಿಸುವುದು ಗಾಳಿಯ ಕದಡುವಿಕೆ.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಮಂಜಿಗೆ ವಿಮಾನಗಳು ತಡವಾಗುವುದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತಾರೆ. ಆ ಮಂಜಿನ ಹಿಂದಿರುವುದೇ ರೇಡಾನಿನ ಹಿಂದೆಯೂ ಇದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರ ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ತಣ್ಣನೆಯ ಗಾಳಿ ಮೇಲೇಳುವುದಿಲ್ಲ. ಕಂಬಳಿ ಹೊದೆಸಿದ ಹಾಗೆ ಆ ಬೆಚ್ಚನೆಯ ಪದರದಡಿ ನೂರಿನ್ನೂರು ಮೀಟರ್ ದಪ್ಪದ ಗಾಳಿ ಸಿಕ್ಕಿಕೊಂಡು, ನೆಲದಿಂದ ರಾತ್ರಿಯಿಡೀ ಹೊರಟ ರೇಡಾನ್ ಅಲ್ಲೇ ಜಮೆಯಾಗುತ್ತದೆ. ಬಿಸಿಲೇರಿದ ಮೇಲೆ ನೆಲ ಕಾಯ್ದು ಗಾಳಿ ಮೇಲೆ ಕೆಳಗೆ ಹೊರಳಾಡಲು ತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ರೇಡಾನ್ ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಹರಡಿ ತೆಳುವಾಗುತ್ತದೆ.

ಇದನ್ನು ಕರ್ನಾಟಕದ ನೆಲದಲ್ಲೇ ಕೂತು ಗಂಟೆಗಂಟೆಗೂ ಬರೆದಿಟ್ಟವರು ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು. ಬಿ.ಎಸ್.ಎನ್. ಪ್ರಸಾದ್, ಕೆ. ನಾಗರಾಜ, ಎಂ.ಎಸ್. ಚಂದ್ರಶೇಖರ, ಎಲ್. ಪರಮೇಶ್ ಮೊದಲಾದವರ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೈಸೂರಿನ ಹೊರಾಂಗಣ ಗಾಳಿಯ ರೇಡಾನ್ ಬೆಳಗಿನ ಜಾವ ತುತ್ತತುದಿಗೇರಿ, ಮಧ್ಯಾಹ್ನ ಕನಿಷ್ಠಕ್ಕೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಚಳಿಗಾಲದಲ್ಲಿ ಏರಿಳಿತ ಜೋರು, ಮಳೆಗಾಲದಲ್ಲಿ ಮಂದ. ಅವರ ಆಸಕ್ತಿ ರೇಡಾನ್ ತರಬಲ್ಲ ಕ್ಯಾನ್ಸರಿನಲ್ಲಿ ಇರಲಿಲ್ಲ ಎಂಬುದು ಕುತೂಹಲದ ಸಂಗತಿ. ರೇಡಾನ್ ಒಡೆದಾಗ ಗಾಳಿಯಲ್ಲಿ ಅಯಾನುಗಳು ಹುಟ್ಟುತ್ತವೆ, ಅದರಿಂದ ಗಾಳಿಯ ವಿದ್ಯುತ್ ವಾಹಕತೆ ಹೆಚ್ಚುತ್ತದೆ. ಅವರು ಬೆನ್ನು ಹತ್ತಿದ್ದು ಆ ವಾಹಕತೆಯನ್ನು. ಬೆಳಗಿನ ಜಾವದ ವಾಹಕತೆಯ ಏರಿಕೆಯೂ ರೇಡಾನಿನ ಏರಿಕೆಯೂ ಜೊತೆಜೊತೆಗೆ ಬಂದವು.

ಹಾಗಾಗಿ ಯಾರಾದರೂ ಕೈಯಲ್ಲಿ ಯಂತ್ರ ಹಿಡಿದು ಮಧ್ಯಾಹ್ನ ಮೂರಕ್ಕೆ ರಾಜಘಟ್ಟಕ್ಕೆ ಬಂದು, ಅರ್ಧ ಗಂಟೆ ಅಳೆದು, ಇಲ್ಲಿ ಏನೂ ಇಲ್ಲ ಎಂದು ಹೋದರೆ ನಂಬಬೇಕಿಲ್ಲ. ಜನವರಿಯ ಮುಂಜಾನೆ ಐದಕ್ಕೆ ಬಂದು ಗಾಬರಿಗೊಂಡು ಹೋದವರನ್ನೂ ನಂಬಬೇಕಿಲ್ಲ.

ಅದಕ್ಕೇ ಅಪಾಯದ ಅಂದಾಜಿಗೆ ದೀರ್ಘಕಾಲದ ಸರಾಸರಿ ಬೇಕು. ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿರುವುದು ಎಲ್‌ಆರ್-115 ಎಂಬ ಕೆಂಪು ಬಣ್ಣದ ಪ್ಲಾಸ್ಟಿಕ್ ಫಿಲ್ಮ್. ಸೆಲ್ಯುಲೋಸ್ ನೈಟ್ರೇಟಿನ ಹನ್ನೆರಡು ಮೈಕ್ರಾನ್ ದಪ್ಪದ ಲೇಪ. ಇದಕ್ಕೆ ವಿದ್ಯುತ್ ಬೇಡ, ಬ್ಯಾಟರಿ ಬೇಡ. ಪುಟ್ಟ ಡಬ್ಬಿಯೊಳಗೆ ಅಂಟಿಸಿ ತೊಂಬತ್ತು ದಿನ ನೇತುಹಾಕಿದರೆ, ಬಡಿದ ಪ್ರತಿ ಆಲ್ಫಾ ಕಣವೂ ಕಣ್ಣಿಗೆ ಕಾಣದ ಗಾಯ ಮಾಡುತ್ತದೆ. ಆಮೇಲೆ ಅದನ್ನು 60 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದೂವರೆ ಗಂಟೆ ಅದ್ದಿಟ್ಟರೆ ಗಾಯಗಳು ತೂತುಗಳಾಗುತ್ತವೆ, ತೂತುಗಳನ್ನು ಎಣಿಸಬಹುದು. ಬಯಲ ಗಾಳಿಯಲ್ಲಿ ಘನಮೀಟರಿಗೆ 10 ಬೆಕೆರೆಲ್, ಅಂದರೆ ಸೆಕೆಂಡಿಗೆ ಹತ್ತು ಸಿಡಿತ ಇದ್ದರೆ, ಮೂರು ತಿಂಗಳ ನಂತರ ಒಂದು ಚದರ ಸೆಂಟಿಮೀಟರಿನಲ್ಲಿ ಸಿಗುವುದು ಸುಮಾರು ಇಪ್ಪತ್ತು ತೂತು. ಬಳಸದ ಹೊಸ ಫಿಲ್ಮಿನಲ್ಲೂ ಒಂದಷ್ಟು ತೂತುಗಳಿರುತ್ತವೆ. ಅದನ್ನು ಕಳೆಯಬೇಕು. ಬಿಸಿಲು ಬಿದ್ದರೆ ಫಿಲ್ಮ್ ಕೆಡುತ್ತದೆ, ಮಳೆ ಬಿದ್ದರೆ ಡಬ್ಬಿ ಕೆಡುತ್ತದೆ, ಇರುವೆಗೂ ಕಣಜಕ್ಕೂ ಆ ಡಬ್ಬಿ ಒಳ್ಳೆಯ ಮನೆ. ನೆಲದಿಂದ ಒಂದು ಮೀಟರಿಗಿಂತ ಕೆಳಗೆ ಕಟ್ಟಿದರೆ ಥೋರಾನ್ ಬಂದು ಲೆಕ್ಕ ಕೆಡಿಸುತ್ತದೆ. ಥೋರಿಯಂ ಸರಪಳಿಯಿಂದ ಹುಟ್ಟುವ ಈ ಸೋದರನ ಅರ್ಧಾಯು ಬರೀ 55.6 ಸೆಕೆಂಡು, ಮೊಣಕಾಲೆತ್ತರ ದಾಟುವಷ್ಟರಲ್ಲಿ ಅದರ ಬಹುಪಾಲು ಮುಗಿದಿರುತ್ತದೆ.

ಬೇಗ ಉತ್ತರ ಬೇಕೆಂದರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ರೂಪಿಸಿದ ಇನ್ನೊಂದು ಉಪಾಯವಿದೆ. ಜಿ.ಕೆ. ಶ್ರೀವಾಸ್ತವ, ಎಂ. ರಾಘವಯ್ಯ, ಎ.ಎಚ್. ಖಾನ್, ಪಿ. ಕೊಟ್ರಪ್ಪ ಇವರು 1984ರಲ್ಲಿ ಪ್ರಕಟಿಸಿದ ವಿಧಾನ. ಗಾಳಿಯನ್ನು ಪಾತ್ರೆಗೆ ಎಳೆದುಕೊಂಡು, ಥೋರಾನ್ ತಾನಾಗಿ ಸಾಯಲು ಕೆಲವು ನಿಮಿಷ ಬಿಟ್ಟು, ಒಳಗಿನ ಲೋಹದ ತಟ್ಟೆಗೆ ಋಣ ವಿದ್ಯುತ್ತನ್ನು ಕೊಡುತ್ತಾರೆ. ರೇಡಾನ್ ಒಡೆದಾಗ ಹುಟ್ಟುವ ಪೊಲೋನಿಯಂ ಪರಮಾಣುಗಳಲ್ಲಿ ಹೆಚ್ಚಿನವು ಧನ ವಿದ್ಯುತ್ ಹೊತ್ತಿರುವುದರಿಂದ ಅವು ತಟ್ಟೆಗೆ ಬಂದು ಅಂಟುತ್ತವೆ. ಆ ತಟ್ಟೆಯನ್ನು ಹೊರತೆಗೆದು ಆಲ್ಫಾ ಎಣಿಸಿದರಾಯಿತು. ಚದುರಿದ್ದನ್ನು ಒಂದೆಡೆ ಗುಡ್ಡೆಹಾಕಿ ಎಣಿಸುವ ಜಾಣತನ ಇದು.

ಹೆಸರು ಕೇಳಿದರೆ ಕೊಟ್ಟೂರಿನ ನೆನಪು ತರುವ ಕೊಟ್ರಪ್ಪನವರು ಮುಂದೆ ಅಮೆರಿಕಕ್ಕೆ ಹೋಗಿ 1988ರಲ್ಲಿ ಸಹೋದ್ಯೋಗಿಗಳೊಡನೆ ಇಲೆಕ್ಟ್ರೆಟ್ ಮಾಪಕವನ್ನು ಜಗತ್ತಿನ ಮುಂದಿಟ್ಟರು. ವಿದ್ಯುತ್ ತುಂಬಿದ ಟೆಫ್ಲಾನ್ ಬಿಲ್ಲೆಯನ್ನು ಪ್ಲಾಸ್ಟಿಕ್ ಕೋಶದ ತಳದಲ್ಲಿಟ್ಟರೆ, ರೇಡಾನ್ ಹುಟ್ಟಿಸಿದ ಅಯಾನುಗಳು ಅದರ ವಿದ್ಯುತ್ತನ್ನು ತುಸುತುಸುವಾಗಿ ಇಳಿಸುತ್ತವೆ. ಮೊದಲಿನ ವೋಲ್ಟಿಗೂ ಕೊನೆಯ ವೋಲ್ಟಿಗೂ ಇರುವ ವ್ಯತ್ಯಾಸವೇ ಅಳತೆ. ಇಂದು ಈ ಮಾಪಕ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಬಯಲಿನಲ್ಲಿ ಮಾತ್ರ ಇದಕ್ಕೊಂದು ತೊಡಕು: ಮಣ್ಣಿನಿಂದ, ಬಂಡೆಯಿಂದ, ಆಕಾಶದಿಂದ ಬರುವ ಗಾಮಾ ಕಿರಣಗಳೂ ಬಿಲ್ಲೆಯ ವಿದ್ಯುತ್ತನ್ನು ಇಳಿಸುತ್ತವೆ. ಹೊರಗಿನ ರೇಡಾನ್ ಎಷ್ಟು ಕಡಿಮೆಯೆಂದರೆ, ಕಳೆಯಬೇಕಾದ ಗಾಮಾ ಪಾಲು ಉಳಿಸಿಕೊಳ್ಳಬೇಕಾದ ರೇಡಾನ್ ಪಾಲಿಗಿಂತ ದೊಡ್ಡದಾಗಬಹುದು. ಕಲ್ಲುಬಂಡೆಯ ನಾಡಿನಲ್ಲಿ ಗಾಮಾವನ್ನು ಬೇರೆಯಾಗಿ ಅಳೆಯದೆ ಈ ಬಿಲ್ಲೆಯನ್ನು ನೇತುಹಾಕಿದವರು ತಮ್ಮ ಅಂಕಿಯ ಮೇಲೆ ಪ್ರಮಾಣ ಮಾಡಬಾರದು.

ಯಾವ ಮಾಪಕವಾದರೂ ಗೊತ್ತಿರುವ ರೇಡಾನಿನಲ್ಲಿ ಇಟ್ಟು ಸರಿಹೊಂದಿಸಿಕೊಳ್ಳಬೇಕು. ಮಂಗಳೂರು ವಿಶ್ವವಿದ್ಯಾಲಯದ ಪರಿಸರ ವಿಕಿರಣಶೀಲತೆಯ ಸಂಶೋಧನಾ ಕೇಂದ್ರದಲ್ಲಿ ಎನ್. ಕರುಣಾಕರ ಮತ್ತು ಸಂಗಡಿಗರು ಇದಕ್ಕಾಗಿಯೇ ಮನುಷ್ಯ ಒಳಹೊಕ್ಕು ಓಡಾಡಬಹುದಾದ ಕೋಣೆಯೊಂದನ್ನು ಕಟ್ಟಿದ್ದಾರೆ. ಅದಕ್ಕೆ ರೇಡಾನ್ ಎಲ್ಲಿಂದ? ಕೊಂಡು ತರುವುದಿಲ್ಲ. ಅಲ್ಲಿನ ನೆಲದೊಳಗಿನ ಗಾಳಿಯನ್ನೇ ಪಂಪಿನಿಂದ ಎಳೆದು ತುಂಬುತ್ತಾರೆ. ಮಣ್ಣಿನ ಸಂದಿಯ ಗಾಳಿಯಲ್ಲಿ ರೇಡಾನ್ ಘನಮೀಟರಿಗೆ ಸಾವಿರಾರು ಬೆಕೆರೆಲ್ ಇರುವುದು ಸಾಮಾನ್ಯ, ಕಾಲ ಕೆಳಗಿರುವುದಕ್ಕೂ ಮೂಗಿನ ಮುಂದಿರುವುದಕ್ಕೂ ಅಷ್ಟು ಅಂತರ.

ಇಷ್ಟೆಲ್ಲ ಹರಸಾಹಸ ಮಾಡಿ ಹತ್ತೋ ಇಪ್ಪತ್ತೋ ಬೆಕೆರೆಲ್ ಅಳೆಯುವುದು ಏಕೆ?

ರೇಡಾನಿನ ಕೆಟ್ಟ ಹೆಸರು ಗಣಿಗಳಲ್ಲಿ ಹುಟ್ಟಿದ್ದು. ಜರ್ಮನಿಯ ಶ್ನೀಬರ್ಗ್ ಗಣಿಗಾರರ ಶ್ವಾಸಕೋಶದ ಕಾಯಿಲೆ ಕ್ಯಾನ್ಸರ್ ಜಾತಿಯದೆಂದು ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು ಬರೆದದ್ದು 1879ರಲ್ಲಿ. ರೇಡಾನ್ ಎಂಬ ಅನಿಲವೊಂದಿದೆ ಎಂದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಬೇಕಿತ್ತು. ಮನೆಗಳ ಸರದಿ ಬಂದದ್ದು 1984ರ ಡಿಸೆಂಬರಿನಲ್ಲಿ. ಪೆನ್ಸಿಲ್ವೇನಿಯಾದ ಅಣುಸ್ಥಾವರವೊಂದರಲ್ಲಿ ಕೆಲಸಕ್ಕಿದ್ದ ಸ್ಟ್ಯಾನ್ಲಿ ವಾಟ್ರಸ್ ಸ್ಥಾವರಕ್ಕೆ ಕಾಲಿಡುವಾಗಲೇ ಅಲ್ಲಿನ ವಿಕಿರಣ ಎಚ್ಚರಿಕೆಯ ಗಂಟೆ ಹೊಡೆಯುತ್ತಿತ್ತು. ಸ್ಥಾವರದಲ್ಲಿ ಇನ್ನೂ ಅಣು ಇಂಧನ ಉರಿಯತೊಡಗಿರಲಿಲ್ಲ. ಹಾಗಾಗಿ ಆತನ ಮನೆಯಲ್ಲಿ ಅಳೆದಾಗ ಘನಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್ ರೇಡಾನ್ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಗಳಿಗೆ ಸೂಚಿಸಿದ ಮಟ್ಟ 100, ಅದು ಆಗದಿದ್ದರೆ 300 ಮೀರಕೂಡದು. ಯುರೋಪಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಸಾರಾ ಡಾರ್ಬಿ ಮತ್ತಿತರರು ಕಂಡುಕೊಂಡ ಲೆಕ್ಕದಂತೆ, ದೀರ್ಘಕಾಲ ಉಸಿರಾಡಿದ ಗಾಳಿಯಲ್ಲಿ ಪ್ರತಿ 100 ಬೆಕೆರೆಲ್ ಹೆಚ್ಚಳಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಶೇ. 16ರಷ್ಟು ಏರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಈ ಏರಿಕೆ ಮೊದಲೇ ದೊಡ್ಡದಾದ ಮೊತ್ತದ ಮೇಲೆ ಬೀಳುತ್ತದೆ. ಹಾನಿ ಮಾಡುವುದು ರೇಡಾನ್ ಅಲ್ಲ, ಅದು ಉಸಿರಿನೊಂದಿಗೆ ಬಂದು ಉಸಿರಿನೊಂದಿಗೆ ಹೋಗುತ್ತದೆ. ಅದು ಒಡೆದು ಹುಟ್ಟುವ ಪೊಲೋನಿಯಂ-218, ಪೊಲೋನಿಯಂ-214 ದೂಳಿನ ಮೇಲೇರಿ ಶ್ವಾಸನಾಳದ ಗೋಡೆಗೆ ಅಂಟಿ ಅಲ್ಲಿ ಆಲ್ಫಾ ಸಿಡಿಸುತ್ತವೆ.

ಮನೆಯ ಲೆಕ್ಕಕ್ಕೆ ಬಯಲಿನ ಅಂಕಿ ಏಕೆ ಬೇಕು ಎಂಬುದು ಅಮೆರಿಕದವರಿಗೆ ಕಾನೂನಿನ ಮೂಲಕ ಅರಿವಾಯಿತು. ಮನೆಯೊಳಗಿನ ಗಾಳಿ ಹೊರಗಿನ ಗಾಳಿಯಷ್ಟೇ ರೇಡಾನ್‌ಮುಕ್ತವಾಗಿರಬೇಕು ಎಂಬ ಗುರಿಯನ್ನು ಅವರ ಸಂಸತ್ತು 1988ರಲ್ಲಿ ಶಾಸನದಲ್ಲೇ ಬರೆದುಬಿಟ್ಟಿತು. ಹೊರಗೆ ಎಷ್ಟಿದೆ ಎಂದು ತಿಳಿಯದೆ ಗುರಿ ಮುಟ್ಟುವುದು ಹೇಗೆ? ಐವತ್ತೂ ರಾಜ್ಯಗಳ ರಾಜಧಾನಿಗಳ ಬಯಲಲ್ಲಿ ಇಲೆಕ್ಟ್ರೆಟ್ ಮಾಪಕಗಳನ್ನು ನೇತುಹಾಕಿದರು. ಸಿಕ್ಕ ನಡುವಿನ ಬೆಲೆ ಘನಮೀಟರಿಗೆ ಸುಮಾರು 15 ಬೆಕೆರೆಲ್. ಯಾವ ಮನೆಯನ್ನು ಎಷ್ಟೇ ರಿಪೇರಿ ಮಾಡಿದರೂ ಅಲ್ಲಿನ ಹೊರಗಿನ ಮಟ್ಟಕ್ಕಿಂತ ಕೆಳಗೆ ಇಳಿಸಲಾಗದು, ಕಿಟಕಿ ತೆರೆದರೆ ಒಳಬರುವುದು ಅದೇ ಗಾಳಿ.

ಬೆಂಗಳೂರು ಗ್ರಾಮಾಂತರದಲ್ಲಿ ಬಯಲೇ ಕೆಲಸದ ಜಾಗವಾದವರಿದ್ದಾರೆ: ಕಲ್ಲು ಕ್ವಾರಿಯವರು. ಸಿ. ನಿಂಗಪ್ಪ, ಜೆ. ಸಣ್ಣಪ್ಪ, ಎನ್. ಕರುಣಾಕರ ಈ ಜಿಲ್ಲೆಯ ಗ್ರಾನೈಟ್ ಕ್ವಾರಿಗಳ ವಿಕಿರಣಶೀಲ ಧಾತುಗಳನ್ನು ಅಳೆದು 2008ರಲ್ಲಿ ಪ್ರಕಟಿಸಿದರು. ಬೆಂಗಳೂರು ಸುತ್ತಲಿನ ಕ್ವಾರಿಗಳ ಗಾಳಿಯ ರೇಡಾನ್, ಥೋರಾನ್‌ಗಳ ಮೇಲೂ ಇದೇ ಬಳಗದಿಂದ ಕೆಲಸ ನಡೆದಿದೆ. ಕ್ವಾರಿಯಲ್ಲಿ ಮಣ್ಣಿನ ಹೊದಿಕೆ ಇರುವುದಿಲ್ಲ. ಹೊಸದಾಗಿ ಒಡೆದ ಮೈ, ಬಿರುಕು, ಜಲ್ಲಿಪುಡಿ ಎಲ್ಲವೂ ರೇಡಾನಿಗೆ ಹೊಸ ಬಾಗಿಲುಗಳು. ಆಳಕ್ಕಿಳಿದ ಕ್ವಾರಿಯ ತಳದಲ್ಲಿ ಗಾಳಿಯಾಟ ಕಡಿಮೆ. ಅಲ್ಲಿ ದುಡಿಯುವವರ ಶ್ವಾಸಕೋಶಕ್ಕೆ ಸಿಲಿಕಾ ದೂಳು ರೇಡಾನಿಗಿಂತ ಎಷ್ಟೋ ಹತ್ತಿರದ ಶತ್ರು ಎಂಬುದನ್ನೂ ಇಲ್ಲೇ ಹೇಳಬೇಕು.

ಇನ್ನೊಂದು ಬಾಗಿಲು ಕೊಳವೆಬಾವಿ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ನೀರು ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದಾಗ, 57 ಹಳ್ಳಿಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು. ಕಲ್ಲಿನಲ್ಲಿ ಯುರೇನಿಯಂ ಇರುವಲ್ಲಿ ಬಿರುಕಿನ ನೀರಿನಲ್ಲಿ ರೇಡಾನೂ ಇರುತ್ತದೆ. ಒಂದು ಸಮಾಧಾನವೆಂದರೆ ರೇಡಾನಿಗೆ ನೀರಿನ ಮೇಲೆ ಮೋಹವಿಲ್ಲ. ಟ್ಯಾಂಕಿಗೆ ಧುಮುಕುವಾಗಲೇ ಹೆಚ್ಚಿನದು ಹಾರಿಹೋಗುತ್ತದೆ. ಆ ಟ್ಯಾಂಕು ತೆರೆದ ಬಯಲಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಕಿಟಕಿಯಿಲ್ಲದ ಪಂಪ್‌ಹೌಸಿನಲ್ಲೋ ಮನೆಯೊಳಗಿನ ಸಂಪಿನಲ್ಲೋ ಇದ್ದರೆ ಅಲ್ಲಿ ಒಂದು ಫಿಲ್ಮ್ ಕಟ್ಟಿ ನೋಡುವುದು ಒಳ್ಳೆಯದು.

ಈಗ ಅಪಾಯದ ಲೆಕ್ಕ. ವಿಶ್ವಸಂಸ್ಥೆಯ ವಿಕಿರಣ ಪರಿಣಾಮಗಳ ವೈಜ್ಞಾನಿಕ ಸಮಿತಿ 2000ದಲ್ಲಿ ಕೊಟ್ಟ ಸೂತ್ರದಂತೆ ಹೊರಗಿನ ಸರಾಸರಿ 10 ಬೆಕೆರೆಲ್, ಮನೆಯೊಳಗಿನದು 40. ಮನುಷ್ಯ ವರ್ಷಕ್ಕೆ 1,760 ಗಂಟೆ ಹೊರಗೆ, 7,000 ಗಂಟೆ ಒಳಗೆ. ಇವನ್ನು ಸೂತ್ರದ ಗುಣಕದಿಂದ ಗುಣಿಸಿದರೆ ಬಯಲಿನಿಂದ ಮೈಗೆ ತಗಲುವ ವಿಕಿರಣ ವರ್ಷಕ್ಕೆ 0.095 ಮಿಲಿಸೀವರ್ಟ್, ಎದೆಯ ಒಂದು ಎಕ್ಸ್‌ರೇಯ ಆಸುಪಾಸು. ಒಳಗಿನಿಂದ 1 ಮಿಲಿಸೀವರ್ಟ್. ಆದರೆ ದಿನಕ್ಕೆ ಐದು ಗಂಟೆಯೂ ಹೊರಗಿರದ ಈ ಮನುಷ್ಯ ಯಾವ ಊರಿನವನು? ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ರಾಜಘಟ್ಟದ ರೈತ ಹತ್ತು ಗಂಟೆ ಹೊರಗಿರುತ್ತಾನೆ ಎಂದಿಟ್ಟುಕೊಂಡು ಅದೇ ಸೂತ್ರ ಹಾಕಿದರೆ ಬಯಲಿನ ಪಾಲು 0.2ಕ್ಕೆ ಏರುತ್ತದೆ, ಮನೆಯದು 0.74ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ ಕಡಿಮೆಯೇ ಆಗುತ್ತದೆ. ಆತ ಹೊರಗಿರುವುದು ಹೆಚ್ಚಾಗಿ ಹಗಲು, ರೇಡಾನ್ ತೆಳುವಾಗಿರುವ ಹೊತ್ತು. ಬೆಳಗಿನ ಜಾವ ಡೇರಿಗೆ ಹಾಲು ಹೊತ್ತು ಹೋಗುವ ಅರ್ಧ ಗಂಟೆಯನ್ನು ಬೇರೆ ಬರೆದುಕೊಂಡರೂ ಮೊತ್ತ ಅಲುಗುವುದಿಲ್ಲ.

ಈ ಸೂತ್ರದ ಗುಣಕದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2017ರಲ್ಲಿ ಅದನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು. ವಿಶ್ವಸಂಸ್ಥೆಯ ಸಮಿತಿ ಅದನ್ನೆಲ್ಲ ಪರಿಶೀಲಿಸಿ ಹಳೆಯ ಗುಣಕವೇ ಇರಲಿ ಎಂದಿತು. ಹಾಗಾಗಿ ಒಂದೇ ಫಿಲ್ಮಿನ ಅವೇ ತೂತುಗಳು ಒಬ್ಬರ ವರದಿಯಲ್ಲಿ 0.9 ಮಿಲಿಸೀವರ್ಟ್ ಆಗಿಯೂ ಇನ್ನೊಬ್ಬರದರಲ್ಲಿ 1.7 ಆಗಿಯೂ ಬರಬಹುದು. ವರದಿ ಓದುವವರು ಮಿಲಿಸೀವರ್ಟಿಗಿಂತ ಮೊದಲು ಬೆಕೆರೆಲ್ ನೋಡುವುದು ಮೇಲು, ಅಳೆದದ್ದು ಅದನ್ನು.

ಊರಿನಲ್ಲಿ ಅಳೆಯಲು ಹೊರಡುವವರು ಒಂದು ಡಬ್ಬಿಯನ್ನು ಮನೆಯ ಹೊರಗೆ ಮಳೆಬಿಸಿಲು ತಾಗದ ಕಡೆ, ಇನ್ನೊಂದನ್ನು ರಾತ್ರಿ ಬಾಗಿಲು ಹಾಕುವ ಕೋಣೆಯಲ್ಲಿ, ಅವೇ ತೊಂಬತ್ತು ದಿನ ಕಟ್ಟಬೇಕು. ಒಮ್ಮೆ ಚಳಿಗಾಲದಲ್ಲಿ, ಒಮ್ಮೆ ಮಳೆಗಾಲದಲ್ಲಿ. ಒಳಗಿನದರಲ್ಲಿ ಹೊರಗಿನದನ್ನು ಕಳೆದರೆ ಉಳಿಯುವುದು ಮನೆ ಸೇರಿಸಿದ ಪಾಲು. ಅದು ಅಲ್ಪವಾಗಿದ್ದರೆ ಮಾಡುವುದೇನಿಲ್ಲ. ದೊಡ್ಡದಾಗಿದ್ದರೆ ನೆಲದ ಬಿರುಕು, ಪೈಪು ಹಾದ ತೂತು ಮುಚ್ಚಿಸಬೇಕು, ಕಿಟಕಿ ತೆರೆದಿಡಬೇಕು. ಅದಕ್ಕೂ ಬಗ್ಗದಿದ್ದರೆ ನೆಲಹಾಸಿನಡಿಗೆ ಪೈಪು ಇಳಿಸಿ ಸಣ್ಣ ಫ್ಯಾನಿನಿಂದ ಮಣ್ಣಿನ ಗಾಳಿಯನ್ನು ಚಾವಣಿಯ ಮೇಲಕ್ಕೆ ಬಿಡಬೇಕು. ಲಕ್ಷ ಬೆಕೆರೆಲ್ ಇದ್ದ ವಾಟ್ರಸ್ ಮನೆಯಲ್ಲೂ ನೆಲದಡಿಯ ಗಾಳಿಯನ್ನು ಹೀಗೆ ಹೊರಗೆಳೆದರು. ಕೆಲವು ತಿಂಗಳ ನಂತರ ಆ ಕುಟುಂಬ ಅದೇ ಮನೆಗೆ ವಾಪಸು ಬಂತು.